ಜರಡಿ, ಜಾರು, ಕಂಠ
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ವೇದಿಕೆಯ ಎಡಕ್ಕೆ ಮೇಜಿನ ಮೇಲಿರುವ ಕಪ್ಪು ಪೆಟ್ಟಿಗೆಯನ್ನು ಕಂಡು ಪಾಲಕರೊಬ್ಬರು, ಇದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನದೇ ಎಂದು ಕೇಳಿದರು. ಮೈತುಂಬ ತಂತಿಗಳು ಜೋತಾಡುತ್ತಿರುವುದರಿಂದ ಸಂದೇಹ ಸಹಜವೇ. ಅದು ವಾದ್ಯ. ಜಪಾನಿನ ಕೊರ್ಗ್ ಕಂಪನಿಯು 1978ರಲ್ಲಿ ಹೊರತಂದ ಎಂಎಸ್-20 ಎಂಬ ಅನಲಾಗ್ ಸಿಂಥೆಸೈಜರ್. ಬೆಚ್ಚಗಾದ ಹೊರತು ಅದರ ಶ್ರುತಿ ನಿಲ್ಲುವುದಿಲ್ಲ. ಆದುದರಿಂದ ಪ್ರಾರ್ಥನೆಗೆ ಮೊದಲೇ ಅದರ ಸ್ವಿಚ್ ಹಾಕಿ ಬಂದಿದ್ದೇನೆ. ಅದು ಅಣಿಯಾಗುವವರೆಗೆ ನನ್ನ ಮಾತು.

ನಾನು ರೇಡಿಯೊ ರಿಪೇರಿ ಮಾಡಿ ಬದುಕಿದವನು. 1991ರಲ್ಲಿ ಹೈದರಾಬಾದಿನ ಆರ್ಕೆಸ್ಟ್ರಾ ಕಲಾವಿದರೊಬ್ಬರು ಹೊಸ ಡಿಜಿಟಲ್ ಕೀಬೋರ್ಡ್ ಕೊಂಡು, ಕೆಟ್ಟು ನಿಂತಿದ್ದ ಇದನ್ನು ಎರಡು ಸಾವಿರ ರೂಪಾಯಿಗೆ ನನಗೆ ಮಾರಿದರು. ಆಗ ಅದು ನನ್ನ ಅಂಗಡಿಯ ಎರಡು ತಿಂಗಳ ಗಳಿಕೆ. ಮನೆಯಲ್ಲಿ ಯಾರೂ ಮೆಚ್ಚಲಿಲ್ಲ. ನಮ್ಮ ಅಪ್ಪ ಭಜನಾ ಮೇಳದ ಹಾರ್ಮೋನಿಯಂ ವಾದಕರು. ಪೆಟ್ಟಿಗೆಯನ್ನು ಸುತ್ತುಹಾಕಿ ನೋಡಿ, ತಿದಿ ಎಲ್ಲಿದೆಯೆಂದು ಹುಡುಕಿ, "ತಮ್ಮಾ, ಇದಕ ಉಸಿರೇ ಇಲ್ಲ ನೋಡು" ಎಂದರು.

ಅಪ್ಪನ ಮಾತಿನಲ್ಲಿ ಸತ್ಯವಿತ್ತು. ಹಾರ್ಮೋನಿಯಂನಲ್ಲಿ ಗಾಳಿಯು ಹಿತ್ತಾಳೆಯ ರೀಡನ್ನು ನಡುಗಿಸುತ್ತದೆ. ಇಲ್ಲಿ ನಡುಗುವುದು ವಿದ್ಯುತ್ತು. ವೋಲ್ಟೇಜು ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಹುಟ್ಟಿದ ಒರಟು ನಾದವನ್ನು ಫಿಲ್ಟರ್ ಸೋಸುತ್ತದೆ. ಇಷ್ಟೇ ಇದರ ಗುಟ್ಟು. ಒಳಗೆ ಯಾವ ವಾದ್ಯದ ಧ್ವನಿಯನ್ನೂ ಮೊದಲೇ ತುಂಬಿಟ್ಟಿಲ್ಲ. ಟ್ರಾನ್ಸಿಸ್ಟರ್ ಬಿಸಿಯಾದಂತೆ ತನ್ನ ನಡೆಯನ್ನು ಬದಲಿಸುವುದರಿಂದ ತಾಂಡೂರಿನ ಮೇ ತಿಂಗಳಿನಲ್ಲಿ ಇದನ್ನು ನುಡಿಸುವವನು ಬೆರಳಿಗಿಂತ ಕಿವಿಯನ್ನೇ ಹೆಚ್ಚು ನಂಬಬೇಕು.

ಆದರೆ ಹಾರ್ಮೋನಿಯಂಗೆ ಇಲ್ಲದ ಒಂದು ಗುಣ ಇದಕ್ಕಿದೆ. ಹಾರ್ಮೋನಿಯಂನ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಣ ದಾರಿಯೇ ಇರುವುದಿಲ್ಲ. ಗಮಕ, ಮೀಂಡ್‌ಗಳು ಅದರಲ್ಲಿ ಸಾಧ್ಯವಿಲ್ಲವೆಂಬುದು ಆಕಾಶವಾಣಿಯು 1940ರಿಂದ 1971ರವರೆಗೆ ಆ ವಾದ್ಯವನ್ನು ದೂರವಿಟ್ಟುದಕ್ಕೆ ಒಂದು ಕಾರಣ. ಈ ಪೆಟ್ಟಿಗೆಯಾದರೋ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತದೆ ಮತ್ತು ಸ್ವರದಿಂದ ಸ್ವರಕ್ಕೆ ಜಾರಬಲ್ಲದು. ಪಾಶ್ಚಾತ್ಯರಿಗೆ ಒಂದೇ ಸ್ವರವೆಂಬುದು ಕೊರತೆಯಾಗಿ ತೋರಿತು. ನಮ್ಮ ರಾಗಸಂಗೀತಕ್ಕೆ ಅದು ಕೊರತೆಯೇ ಅಲ್ಲ.

ಇದನ್ನು ಮೊದಲು ಕಂಡವನು ನಾನಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರು ಮೂಗ್ ಸಿಂಥೆಸೈಜರ್ ಒಂದನ್ನು ಅಣಿಗೊಳಿಸಿದ್ದರು. ನಮ್ಮ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. 1982ರಲ್ಲಿ ಮುಂಬಯಿಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳಲ್ಲಿ ಭೈರವ, ಲಲಿತ, ತೋಡಿ, ಯಮನ್ ಮುಂತಾದ ಹತ್ತು ರಾಗಗಳನ್ನು ನುಡಿಸಿ ಒಂದು ಧ್ವನಿಮುದ್ರಿಕೆ ತಂದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಯುರೋಪಿನವರು ಬೆರಗಾದರು. ಅವರು ಬಳಸಿದ ಟಿಬಿ-303 ಎಂಬ ಪುಟ್ಟ ಯಂತ್ರಕ್ಕೆ ಈಗ ಲಕ್ಷಗಟ್ಟಲೆ ಬೆಲೆ. ಹಾಗೆ ಕೊಂಡು ಗಾಜಿನ ಕಪಾಟಿನಲ್ಲಿಡುವವರ ಉತ್ಸಾಹ ನನಗೆ ಹಿಡಿಸದು. ಕೆಪಾಸಿಟರ್ ಒಣಗಿದರೆ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಕೆಲವೇ ರೂಪಾಯಿಗೆ ಹೊಸದನ್ನು ತಂದು ಬೆಸುಗೆ ಹಾಕಬಹುದು; ವಾದ್ಯವನ್ನು ನುಡಿಸುತ್ತಲೇ ಉಳಿಸಿಕೊಳ್ಳಬೇಕು.

ಈಗ ಅಪ್ಪನ ಕಡೆಗೆ ಬರುತ್ತೇನೆ. ಈ ಪೆಟ್ಟಿಗೆಯಲ್ಲಿ ಇನ್ನೊಂದು ಸೌಕರ್ಯವಿದೆ. ಮೈಕಿನಲ್ಲಿ ಹಾಡಿದರೆ ಹಾಡುವವರ ಸ್ವರವನ್ನು ಅದು ವೋಲ್ಟೇಜಾಗಿ ಮಾರ್ಪಡಿಸಿಕೊಂಡು ಬೆನ್ನಟ್ಟುತ್ತದೆ. ಒಂದು ಶ್ರಾವಣ ಸೋಮವಾರ ರಾತ್ರಿ ಭಜನೆ ಮುಗಿಸಿ ಬಂದ ಅಪ್ಪ, ನಾನು ಕಾಡಿದುದಕ್ಕೆ, ಮೈಕಿನ ಮುಂದೆ ಕುಳಿತು ಒಂದು ತತ್ತ್ವಪದ ಹಾಡಿದರು. ಪೆಟ್ಟಿಗೆ ನಾಲ್ಕು ಸ್ವರ ಹಿಂಬಾಲಿಸಿ, ಐದನೆಯದರ ಗಮಕದಲ್ಲಿ ಎಡವಿ ವಿಕಾರವಾಗಿ ಕೂಗಿತು. ಅಪ್ಪ ನಕ್ಕರು. ಬಳಿಕ ಮಗುವಿಗೆ ಪಾಠ ಹೇಳುವಂತೆ ಅದೇ ಸಾಲನ್ನು ನಿಧಾನವಾಗಿ ಹಾಡಿದರು. ಅದು ಸರಿಯಾಗಿ ಹಿಡಿಯುವಷ್ಟರಲ್ಲಿ ನಡುರಾತ್ರಿ ಮೀರಿತ್ತು.

ನಾನು ಅದನ್ನು ಟೇಪಿನಲ್ಲಿ ಹಿಡಿದಿಡಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡೆ. ದೀಪಾವಳಿಗೆ ಅಪ್ಪ ಇರಲಿಲ್ಲ.

ಈ ಯಂತ್ರಕ್ಕೂ ನೆನಪಿಲ್ಲ. ತಿರುಗಣೆಗಳನ್ನು ಸರಿಸಿದರೆ ಹಿಂದಿನ ಧ್ವನಿ ಹೋದಂತೆಯೇ. ಉಳಿಸಿಕೊಳ್ಳಬೇಕಾದರೆ ಯಾವುದು ಎಷ್ಟಕ್ಕೆ ನಿಂತಿದೆಯೆಂದು ಕಾಗದದ ಮೇಲೆ ಬರೆದಿಡಬೇಕು. ಆ ರಾತ್ರಿ ಬರೆದದ್ದು ನಾನಲ್ಲ, ಅಪ್ಪ. ನನ್ನ ಮಗಳ ಶಾಲೆಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವರು ಓದಲಾರರು. ಆದುದರಿಂದ ತಾವೇ ಹೆಸರಿಟ್ಟರು. ಫಿಲ್ಟರ್‌ಗೆ ಜರಡಿ. ಸ್ವರ ಸರಿಯುವ ತಿರುಗಣೆಗೆ ಜಾರು. ಮೈಕಿನ ಬಾಯಿಗೆ ಕಂಠ. ಎದುರಿಗೆ ಕನ್ನಡ ಅಂಕಿಗಳು: ೩, ೭, ಐದೂವರೆ.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ನಾರಾಯಣಖೇಡವೂ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದಾಗ ಅಪ್ಪ ಇದೇ ಶಾಲೆಯ ನಾಲ್ಕನೆಯ ತರಗತಿಯಲ್ಲಿದ್ದರು. ಮರುವರ್ಷ ಓದು ನಿಂತಿತು. ಅವರಿಗೆ ಬರುತ್ತಿದ್ದ ಅಕ್ಷರವೆಲ್ಲ ಇಲ್ಲಿಯದು.

ಗುರುಗಳಲ್ಲಿ ಒಂದು ಬಿನ್ನಹ. ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ನಮ್ಮ ಕಾಲದ ಪ್ರಾರ್ಥನೆಯ ಹಾರ್ಮೋನಿಯಂ ಇದೆ, ನಿನ್ನೆ ನೋಡಿದೆ. ತಿದಿ ಹರಿದಿದೆ, ಎರಡು ರೀಡು ಮೂಕವಾಗಿವೆ, ಉಳಿದುದು ಗಟ್ಟಿಯಾಗಿದೆ. ಗುಜರಿಗೆ ಹಾಕುವ ಪಟ್ಟಿಯಲ್ಲಿ ಅದರ ಹೆಸರೂ ಇದೆಯೆಂದು ಕೇಳಿದೆ. ದಯಮಾಡಿ ಹೊಡೆದುಹಾಕಿ. ಶನಿವಾರ ಮಧ್ಯಾಹ್ನ ನನ್ನ ಬೆಸುಗೆ ಕಡ್ಡಿ, ಅಂಟು, ಚರ್ಮ ತೆಗೆದುಕೊಂಡು ಬರುತ್ತೇನೆ. ನಾಲ್ಕು ಮಕ್ಕಳನ್ನು ಜೊತೆಗೆ ಕೊಟ್ಟರೆ ಸಾಕು, ಕೆಲಸ ಅವರೇ ಮಾಡಲಿ.

ಪೆಟ್ಟಿಗೆ ಬೆಚ್ಚಗಾಗಿರಬೇಕು. ತಿರುಗಣೆಗಳನ್ನು ಇಂದು ಬೆಳಿಗ್ಗೆ ಆ ಹಾಳೆಯಂತೆಯೇ ಇಟ್ಟಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ ಹಾಡಿದ ಏಳನೆಯ ತರಗತಿಯ ಹುಡುಗಿ ಎಲ್ಲಿದ್ದಾಳೆ? ಬಾರವ್ವ, ಈ ಮೈಕಿನ ಮುಂದೆ ನಿಲ್ಲು. ಅಂಜಬೇಡ. ಅದು ಎಡವಿದರೆ ನಕ್ಕುಬಿಡು, ನಿಧಾನವಾಗಿ ಮತ್ತೊಮ್ಮೆ ಹಾಡು. ಮೊದಲು ಷಡ್ಜ ಹಿಡಿ.