ಮೊಳಕೆ, ಹುದುಗು ಮತ್ತು ಒಂದು ಮನೆಯ ಮಾತು

ಸರ್ವಜ್ಞನಗರದ ಲಿಂಗರಾಜಪುರದಲ್ಲಿ ನಮ್ಮ ಮನೆ. ನನ್ನ ತಂಗಿಯ ಮಗ ಜೀವರಸಾಯನಶಾಸ್ತ್ರ ಓದಿ, ಬಿಯರ್ ತಯಾರಿಸುವ ಉದ್ಯೋಗ ಹಿಡಿದಿದ್ದಾನೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗನ ಕೆಲಸವೇನೆಂದು ಕೇಳಿದಾಗ, ತಂಗಿ 'ಆಹಾರ ತಯಾರಿಕೆ' ಎಂದುಬಿಟ್ಟಳು. ಹುಡುಗ ಅಲ್ಲೇ ತಿದ್ದಿದ. ಸಂಬಂಧ ಕೂಡಿಬರಲಿಲ್ಲ.

ತಂಗಿಯನ್ನು ದೂರಲಾರೆ. ನಮ್ಮ ತಂದೆ ಸಾರಾಯಿಗಾಗಿ ಮನೆಯ ಹಿತ್ತಾಳೆ ಪಾತ್ರೆಗಳನ್ನು ಒತ್ತೆಯಿಟ್ಟವರು. ಆ ಬರಿದಾದ ಅಡುಗೆಮನೆಯಲ್ಲಿ ಬೆಳೆದವಳು ಅವಳು.

ಈ ಊರಿಗೆ ಬಿಯರ್ ಹೊಸದಲ್ಲ. 1809ರಲ್ಲಿ ಇಲ್ಲಿ ದಂಡು ನೆಲೆಯೂರಿದಾಗ ಅದರ ಬಾಯಾರಿಕೆಯೂ ಜೊತೆಗೇ ಬಂತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಈಚಿನ ಕಥೆ ಬೇರೆ. 2010ರಲ್ಲಿ ಇಂದಿರಾನಗರದ ನೂರಡಿ ರಸ್ತೆಯಲ್ಲಿ 'ಟಾಯ್ಟ್' ತೆರೆಯಿತು. ಮಾರುವಲ್ಲಿಯೇ ಬಿಯರ್ ಕಾಯಿಸುವ ಇಂಥ ಕಿರು ಕಾರ್ಖಾನೆಗಳು ಬಳಿಕ ನಗರದ ತುಂಬ ಹಬ್ಬಿದವು. ಇದಕ್ಕೆ ಮೂರೇ ವರ್ಷ ಮೊದಲು, 2007ರಲ್ಲಿ, ನಮ್ಮ ರಾಜ್ಯ ಸಾರಾಯಿಯನ್ನು ನಿಷೇಧಿಸಿತ್ತು. ಕೂಲಿಕಾರನ ಲೋಟ ಮುರಿದ ಕಾಲದಲ್ಲೇ ಉಳ್ಳವರ ಲೋಟ ಕಲೆಯೆನಿಸಿಕೊಂಡದ್ದು ನನಗೆ ಇಂದಿಗೂ ಇರಿಸುಮುರಿಸು.

ಆದರೂ ಸೋದರಳಿಯ ಕರೆದನೆಂದು ಹೋದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ತಂದಿರುತ್ತಾರೆ. ಅದನ್ನು ನುಚ್ಚುಮಾಡಿ ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಕದಡಿಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಸೋಸಿದ ಸಿಹಿನೀರನ್ನು ಹಾಪ್ಸ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಮುಂದೆಲ್ಲ ಕಾಯುವ ಕೆಲಸ.

"ಮಾವ, ನಾನು ಬರಿಯ ಪಾತ್ರೆ ತೊಳೆಯುವವನು. ಅಡುಗೆ ಮಾಡುವುದು ಯೀಸ್ಟು" ಎಂದು ಅವನು ನಕ್ಕ. ತೊಟ್ಟಿಯಲ್ಲಿ ಬೇರೊಂದು ಸೂಕ್ಷ್ಮಜೀವಿ ಸೇರಿದರೆ ಇಡೀ ಪಾಕ ಹುಳಿಯುತ್ತದೆ. 1516ರ ಬವೇರಿಯದ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರವೆಂದಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಆ ಕಾಣದ ಕೆಲಸಗಾರನ ಬಗ್ಗೆ ಲೂಯಿ ಪಾಸ್ಚರ್ 1876ರಲ್ಲಿ ಒಂದು ಗ್ರಂಥವನ್ನೇ ಬರೆದರು.

ಅಳಿಯನಿಗೂ ಅಳುಕುಗಳಿವೆ. ಒಂದು ಲೀಟರ್ ಬಿಯರಿಗೆ ಹಲವು ಲೀಟರ್ ನೀರು ಬೇಕು. 2024ರ ಬೇಸಿಗೆಯಲ್ಲಿ ಜನ ಟ್ಯಾಂಕರಿಗಾಗಿ ಕಾದಾಗ, ತೊಟ್ಟಿ ತೊಳೆಯುವ ಕೈ ನಡುಗಿತೆಂದು ಅವನೇ ಹೇಳಿದ.

ಮನೆಗೆ ಬಂದು ಕಂಡದ್ದನ್ನು ತಂಗಿಗೆ ವಿವರಿಸಿದೆ. "ಮೊಳಕೆ ಕಟ್ಟುವುದೇ?" ಎಂದಳು. ಇದೇ ಮಗ ಕೂಸಾಗಿದ್ದಾಗ ಅವಳು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಹುರಿದು, ಬೀಸಿ, ಸರಿ ಕಾಸಿ ಉಣಿಸಿದ್ದಳು. ಮೊಳೆತ ಕಾಳಿನ ಸರಿ ತೆಳುವಾಗಿ, ಸಿಹಿಯಾಗಿ ಮಗುವಿಗೆ ಒಗ್ಗುವುದು ಅದೇ ಕಿಣ್ವಗಳ ದೆಸೆಯಿಂದ. ಅಲ್ಲಿಯವರೆಗೆ ತಾಯಿಯ ದಾರಿ, ಮಗನ ದಾರಿ ಒಂದೇ. ಹುದುಗಿನ ಬಳಿ ಅವು ಕವಲೊಡೆಯುತ್ತವೆ.

ಅವಳು ಬಿಯರನ್ನು ಒಪ್ಪಿಲ್ಲ; ಒಪ್ಪಬೇಕೆಂದು ನಾನೂ ಹೇಳಿಲ್ಲ. ಆದರೆ ಮೊನ್ನೆ ಇನ್ನೊಂದು ಮನೆಗೆ ಹೆಣ್ಣು ನೋಡಲು ಹೋದಾಗ, ಯಾರೂ ಕೇಳುವ ಮೊದಲೇ ಮಗನ ಕೆಲಸದ ಹೆಸರನ್ನು ತಾನಾಗಿಯೇ ಹೇಳಿದಳು.