ಓದಲಾಗದ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ

(ಕುಂದಲಹಳ್ಳಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದ ಓದುಗರಿಗಾಗಿ ಇಲ್ಲಿ ಕೊಟ್ಟಿದೆ.)



ನಿಮ್ಮ ಮನೆಯ ಹಳೆಯ ಟ್ರಂಕು ತೆಗೆದು ನೋಡಿ. ಅಜ್ಜನ ಕಾಲದ ಒಂದು ಕ್ರಯಪತ್ರ ಅದರಲ್ಲಿದ್ದೀತು. ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಬರೆದದ್ದು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಓಣಿ ಎಂದು ಚಕ್ಕುಬಂದಿ ಇರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳ ಹೆಸರೂ ಇರುತ್ತದೆ. ಅಜ್ಜನಿಗೆ ಅಕ್ಷರ ಬರದಿದ್ದರೂ ಶ್ಯಾನುಭೋಗರು ಓದಿ ಹೇಳಿದರೆ ಏನು ಕೊಟ್ಟೆ, ಏನು ಉಳಿಯಿತು ಎಂಬುದು ತಿಳಿಯುತ್ತಿತ್ತು.

ಈಗ ಅದೇ ಮನೆಯ ಮೇಜಿನ ಮೇಲೆ ಬಿಲ್ಡರ್ ಇಟ್ಟುಹೋದ ಜಂಟಿ ಅಭಿವೃದ್ಧಿ ಕರಾರು ನೋಡಿ. ಹತ್ತಾರು ಪುಟ, ಅಷ್ಟೂ ಇಂಗ್ಲಿಷು. ಜತೆಗೊಂದು ಜಿಪಿಎ, ಅದೂ ಇಂಗ್ಲಿಷು. ಅಜ್ಜ ಸಂಪಾದಿಸಿದ ಭೂಮಿ ಕನ್ನಡದಲ್ಲಿ ಮನೆಗೆ ಬಂತು, ಮೊಮ್ಮಗನ ಕೈಯಿಂದ ಇಂಗ್ಲಿಷಿನಲ್ಲಿ ಹೋಗುತ್ತಿದೆ. ಇದು ಬರೀ ಭಾಷಾಭಿಮಾನದ ಮಾತಲ್ಲ ಸ್ವಾಮಿ, ಅನ್ನದ ಮಾತು.

ನಮ್ಮ ಕುಂದಲಹಳ್ಳಿಯನ್ನೇ ತೆಗೆದುಕೊಳ್ಳಿ. ಈ ಸುತ್ತಿನ ಹೊಲಗದ್ದೆಗಳು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನಕ್ಕೆ ಹೋಗಿ ರಫ್ತು ಉತ್ತೇಜನ ಪಾರ್ಕು ಆದವು. ಐಟಿಪಿಎಲ್ ಬಂತು. 2023ರ ಮಾರ್ಚ್ 25ರಂದು ನೇರಳೆ ಮಾರ್ಗದ ಮೆಟ್ರೋ ಕುಂದಲಹಳ್ಳಿ ನಿಲ್ದಾಣಕ್ಕೂ ಬಂತು. ಈಗ ಹಳಬರ ಕೈಲಿ ಉಳಿದಿರುವುದು ಗುಂಟೆಗಳ ಲೆಕ್ಕದ ಜಾಗ. ಆ ಗುಂಟೆಗಳ ಮೇಲೆ ಎಲ್ಲರಿಗೂ ಕಣ್ಣು.

ಸರ್ಕಾರ ಸ್ವಾಧೀನಕ್ಕೆ ಬಂದರೆ ಊರಿಗೆ ಊರೇ ಸೇರಿ ಹೋರಾಡಬಹುದು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕುಳಿತರು. 1777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಆದರೆ ನೀವೇ ಸಹಿ ಹಾಕಿಕೊಟ್ಟ ಪತ್ರದ ಎದುರು ಯಾವ ಧರಣಿ ಕೂರುತ್ತೀರಿ?

ಆ ಪತ್ರದಲ್ಲಿ ಏನಿರುತ್ತದೆ? ಮೂರೇ ಮಾತು ಹೇಳುತ್ತೇನೆ.

ಒಂದು, 'ಇರ್‌ರಿವೋಕಬಲ್'. ಎಂದರೆ ವಾಪಸು ಪಡೆಯಲಾಗದ್ದು. ಬಿಲ್ಡರ್‌ಗೆ ಆ ಆಸ್ತಿಯಲ್ಲಿ ತನ್ನದೇ ಹಿತಾಸಕ್ತಿ ಹುಟ್ಟಿದ್ದರೆ ಅವನಿಗೆ ಕೊಟ್ಟ ಜಿಪಿಎಯನ್ನು ಅವನಿಗೆ ನಷ್ಟವಾಗುವಂತೆ ರದ್ದು ಮಾಡಲು ಬರುವುದಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 202ನೇ ಕಲಂ. ಬರೆದುಕೊಟ್ಟವನು ಸತ್ತರೂ ಅದು ಬೀಳುವುದಿಲ್ಲ. "ಸರಿಬರದಿದ್ದರೆ ನಾಳೆ ಕ್ಯಾನ್ಸಲ್ ಮಾಡಿದರಾಯ್ತು" ಎಂದುಕೊಂಡಿದ್ದರೆ ಈಗಲೇ ಮರೆತುಬಿಡಿ. ಜಿಪಿಎಯಿಂದ ಮಾಲೀಕತ್ವ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದ್ದು ನಿಜ. ಆದರೆ ಕಟ್ಟಡ ಕಟ್ಟುವವನಿಗೆ ಕೊಟ್ಟ ನಿಜವಾದ ಅಭಿವೃದ್ಧಿ ಅಧಿಕಾರಪತ್ರಕ್ಕೆ ಆ ತೀರ್ಪು ಅಡ್ಡಿಯಲ್ಲ ಎಂದೂ ಅದೇ ಕೋರ್ಟು ಹೇಳಿದೆ. ಊರಲ್ಲಿ ಅರ್ಧ ಮಾತು ಮಾತ್ರ ಓಡಾಡುತ್ತಿದೆ.

ಎರಡು, 'ಇಂಡೆಮ್ನಿಫೈ'. ಹಕ್ಕಿನಲ್ಲಿ ದೋಷ ಕಂಡರೆ ನಷ್ಟ ತುಂಬಿಕೊಡುವ ಭಾರ ನಿಮ್ಮದು ಎಂದರ್ಥ. ದೋಷ ಎಲ್ಲಿಂದಲೂ ಬಂದೀತು. ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿ, ಹಿಂದೆಂದೋ ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಎದ್ದು ನಿಲ್ಲುತ್ತದೆ. 2023ರ ತಿದ್ದುಪಡಿಯ ನಂತರ ಆ ಅರ್ಜಿಗೆ ಕಾಲಮಿತಿಯೂ ಇಲ್ಲ.

ಮೂರು, 'ಮಾರ್ಟ್‌ಗೇಜ್'. ನಿಮ್ಮ ಜಾಗವನ್ನು ಅಡವಿಟ್ಟು ಸಾಲ ತೆಗೆಯುವ ಅಧಿಕಾರ. ಸಾಲ ಅವನದು, ಹರಾಜಿಗೆ ಬರುವುದು ನಿಮ್ಮ ಭೂಮಿ.

ಇಷ್ಟಲ್ಲದೆ ಇನ್ನೊಂದಿದೆ. ನಿಮ್ಮ ಪಾಲಿನ ಫ್ಲ್ಯಾಟು ಸಿಕ್ಕಿತು, ಮಾರಿದಿರಿ ಎನ್ನಿ. 2016ರ ರೇರಾ ಕಾಯ್ದೆಯ ಪ್ರಕಾರ ಕಟ್ಟುವವನೊಬ್ಬ, ಮಾರುವವನೊಬ್ಬ ಆಗಿದ್ದರೆ ಇಬ್ಬರೂ ಪ್ರವರ್ತಕರೇ, ಇಬ್ಬರಿಗೂ ಒಟ್ಟು ಹೊಣೆ. ಹೊಲ ಉಳುತ್ತಿದ್ದವನು ತನಗೇ ಗೊತ್ತಿಲ್ಲದೆ ಪ್ರಮೋಟರ್ ಆಗಿಬಿಟ್ಟಿರುತ್ತಾನೆ!

ಕಾನೂನು ನಮ್ಮನ್ನು ಕಾಯುವುದಿಲ್ಲವೇ? 1908ರ ನೋಂದಣಿ ಕಾಯ್ದೆಯ 19ನೇ ಕಲಂ ನೋಡಿ. ಪತ್ರದ ಭಾಷೆ ನೋಂದಣಿ ಅಧಿಕಾರಿಗೆ ತಿಳಿಯದಿದ್ದು, ಆ ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದಿದ್ದರೆ, ಬಳಕೆಯ ಭಾಷೆಗೆ ಮಾಡಿದ ಅನುವಾದ ಜತೆಗಿಲ್ಲದೆ ಅದನ್ನು ನೋಂದಾಯಿಸಬಾರದು. ಗಮನಿಸಿದಿರಾ? ಅಧಿಕಾರಿಗೆ ತಿಳಿಯಬೇಕು ಎನ್ನುತ್ತದೆ ಈ ಕಲಂ. ಭೂಮಿ ಕಳೆದುಕೊಳ್ಳುವವನಿಗೆ ತಿಳಿಯಬೇಕು ಎನ್ನುವುದಿಲ್ಲ! ಕನ್ನಡ ರಾಜಭಾಷೆ ಎಂದು 1963ರಲ್ಲೇ ಕಾನೂನಾಯಿತು. ಪಹಣಿ ಕನ್ನಡದಲ್ಲಿ ಬರುತ್ತದೆ. ಆದರೆ ಆ ಪಹಣಿಯ ಭೂಮಿಯನ್ನು ಬರೆಸಿಕೊಳ್ಳುವ ಪತ್ರಕ್ಕೆ ಮಾತ್ರ ಕನ್ನಡ ಬೇಡವೇ?

"ಮೋಸವಾದರೆ ಕೋರ್ಟಿದೆಯಲ್ಲ" ಎನ್ನುತ್ತೀರಿ. ನಮ್ಮ ನಾಡಿನದೇ ಒಂದು ಮೊಕದ್ದಮೆ ಕೇಳಿ. ಓದುಬರಹ ಬಾರದ ಹೆಣ್ಣುಮಗಳೊಬ್ಬಳು ಗಂಡನ ಮಾತು ನಂಬಿ ದಾನಪತ್ರ ಮಾಡಿಕೊಟ್ಟಳು. ಒಂದು ಊರಿನ ಜಮೀನು ಮಾತ್ರ ಎಂದುಕೊಂಡಿದ್ದಳು. ಪತ್ರದಲ್ಲಿ ಇನ್ನೊಂದು ಊರಿನ ಜಮೀನೂ ಸೇರಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1968ರಲ್ಲಿ ತೀರ್ಪಾಯಿತು. ದಾನಪತ್ರ ಎಂಬುದು ಆಕೆಗೆ ಗೊತ್ತಿತ್ತು, ಮೋಸವಾದದ್ದು ಒಳಗಿನ ವಿವರದಲ್ಲಿ. ಹೀಗಾಗಿ ಪತ್ರ ತಾನಾಗಿ ಅಸಿಂಧುವಲ್ಲ, ಮೂರು ವರ್ಷದೊಳಗೆ ದಾವೆ ಹೂಡಿ ರದ್ದುಪಡಿಸಿಕೊಳ್ಳಬೇಕಿತ್ತು ಎಂದಿತು ಕೋರ್ಟು. ಆಕೆ ಅವಧಿ ಮೀರಿ ಬಂದಿದ್ದಳು. ಮೋಸ ನಿಜವಾದರೂ ಭೂಮಿ ಬರಲಿಲ್ಲ. ಇಂದಿಗೂ ಲೆಕ್ಕ ಅದೇ: ಮೋಸ ತಿಳಿದ ದಿನದಿಂದ ಮೂರು ವರ್ಷ.

ಅಕ್ಕತಂಗಿಯರೇ, ಈ ಮಾತು ನಿಮಗೆ. ಹಬ್ಬಕ್ಕೆ ಕರೆಯದ ಅಣ್ಣ ಸಹಿಗೆ ಮಾತ್ರ ಕಾರು ಕಳಿಸುತ್ತಾನೆ. 'ಸುಮ್ಮನೆ ಸಾಕ್ಷಿ ಸಹಿ ಕಣಮ್ಮಾ' ಎನ್ನುತ್ತಾನೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಬೇಕಿತ್ತೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ ಬೇರೆ ಮಾತು. ಉಳಿದಂತೆ ನಿಮ್ಮ ಸಹಿ ಬರೀ ಸಾಕ್ಷಿಯಲ್ಲ, ಅದು ನಿಮ್ಮ ಪಾಲು.

"ನನ್ನ ಮಗ ಇಂಗ್ಲಿಷ್ ಓದಿದ್ದಾನೆ" ಎನ್ನುವವರಿಗೂ ಒಂದು ಮಾತು. ಕಂಪನಿಯ ಇಂಗ್ಲಿಷೇ ಬೇರೆ, ಕರಾರಿನ ಇಂಗ್ಲಿಷೇ ಬೇರೆ. ಮಗನಿಗೂ ಕನ್ನಡದ ಪ್ರತಿ ಬೇಕು.

ಹಾಗಾದರೆ ಏನು ಮಾಡಬೇಕು? ಕನ್ನಡದ ಕರಡು ಕೈಗೆ ಬರುವವರೆಗೆ ಮುಂಗಡ ಮುಟ್ಟಬೇಡಿ. ಅನುವಾದದ ಖರ್ಚು ಬರೆಸಿಕೊಳ್ಳುವವನದೇ ಆಗಲಿ. ಬಿಲ್ಡರ್ ತಂದ ವಕೀಲರಲ್ಲದೆ ನಿಮ್ಮದೇ ವಕೀಲರಿಗೆ ತೋರಿಸಿ. ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಕನ್ನಡದ್ದೇ ಊರ್ಜಿತ ಎಂದು ಪತ್ರದಲ್ಲೇ ಬರೆಸಿ. ನಿಮ್ಮ ಪಾಲನ್ನು ಅಡವಿಡುವ, ಮಾರುವ ಅಧಿಕಾರ ಜಿಪಿಎಯಲ್ಲಿ ಇರಕೂಡದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ "ಬರೆದುಕೊಟ್ಟಿದ್ದು ನಿಜವೇ?" ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಬೇಡಿ. ಅರ್ಥವಾಗಿಲ್ಲದಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಿ, ಸಹಿ ಹಾಕದೆ ಎದ್ದುಬನ್ನಿ. ಆ ಒಂದು ಕ್ಷಣದ ಸಂಕೋಚಕ್ಕೆ ಮೂರು ತಲೆಮಾರು ದಂಡ ಕಟ್ಟಬೇಕಾದೀತು.

ಸರ್ಕಾರಕ್ಕೆ ನಮ್ಮ ಒತ್ತಾಯ ಒಂದೇ. ಪತ್ರಗಳ ನೋಂದಣಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯಕ್ಕೆ ತಿದ್ದುಪಡಿ ತರುವ ದಾರಿ ತೆರೆದಿದೆ. ಕರ್ನಾಟಕದ ಸ್ಥಿರಾಸ್ತಿಯ ಯಾವುದೇ ಪತ್ರ ಕನ್ನಡದ ಪ್ರತಿ ಇಲ್ಲದೆ ನೋಂದಣಿಯಾಗಕೂಡದು. ಇದು ಯಾರ ಮೇಲಿನ ದ್ವೇಷವೂ ಅಲ್ಲ. ಕೊಳ್ಳುವವರು ತಮ್ಮ ಭಾಷೆಯಲ್ಲೂ ಒಂದು ಪ್ರತಿ ಇಟ್ಟುಕೊಳ್ಳಲಿ, ಯಾರು ಬೇಡವೆಂದರು? ಈ ಸೀಮೆಯಲ್ಲಿ ಮನೆಯೊಳಗೆ ತೆಲುಗಾಡುವವರಿದ್ದಾರೆ, ತಮಿಳಾಡುವವರಿದ್ದಾರೆ. ಅವರ ಪಹಣಿಯೂ ಕನ್ನಡದಲ್ಲೇ ಇದೆ. ಅವರ ಭೂಮಿಗೂ ಕನ್ನಡವೇ ಕಾವಲು.

ಬಂಧುಗಳೇ, ಈ ಪತ್ರಿಕೆಯನ್ನು ಓದಿ ಮಡಚಿಡಬೇಡಿ. ನಿಮ್ಮ ಬೀದಿಯಲ್ಲಿ ಜಮೀನಿನ ಮಾತುಕತೆ ನಡೆದಿರುವ ಮನೆಗೆ ಇಂದು ಸಂಜೆಯೇ ಕೊಟ್ಟುಬನ್ನಿ. ಓದಲು ಬಾರದ ಹಿರಿಯರಿದ್ದರೆ ಕುಳಿತು ಓದಿ ಹೇಳಿ. ಶ್ಯಾನುಭೋಗರು ಮಾಡುತ್ತಿದ್ದ ಆ ಕೆಲಸ ಇನ್ನು ನಮ್ಮದು.

ಸಿರಿಗನ್ನಡಂ ಗೆಲ್ಗೆ!