ಎಕ್ಸ್-ರೇಯಲ್ಲಿ ಕಾಣದ ನೋವು

ಮೈಕೈ ನೋವನ್ನು ನಮ್ಮ ಕಡೆ ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ. ಬಗ್ಗಿ ಟೊಮೆಟೊ ಕೀಳುವವರಿಗೆ, ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ತಲೆಮೇಲೆ ಹೊರುವವರಿಗೆ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರಿಗೆ ಮೈಕೈ ನೋಯದಿದ್ದರೆ ಅದೇ ಸೋಜಿಗ. ರಾತ್ರಿ ಎರಡು ಚೊಂಬು ಬಿಸಿನೀರು ಸುರಿದುಕೊಂಡು ಮಲಗಿದರೆ ಬೆಳಿಗ್ಗೆಗೆ ಇಳಿದುಹೋಗುವ ನೋವು ಅದು. ನಾನು ಹೇಳಹೊರಟಿರುವುದು ಇಳಿಯದ ನೋವಿನ ವಿಷಯ. ಮೂರು ತಿಂಗಳು ದಾಟಿದರೂ ಬಿಡದೆ ಕೂತರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಕೆಲವರಲ್ಲಿ ಅದು ಮೂರು ವರ್ಷ, ಹದಿಮೂರು ವರ್ಷ.

ಅಂಥವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಸುಲಭವಾಗಿ ಗುರುತಿಸಬಹುದು. ಮಡಿಲಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಸುರುಳಿ ಸುತ್ತಿದ ಎಕ್ಸ್-ರೇ, ಬಣ್ಣ ಮಾಸಿದ ರಕ್ತಪರೀಕ್ಷೆ ಚೀಟಿ, ನಾಲ್ಕು ಮಾತ್ರೆ ಉಳಿದ ಪಟ್ಟಿ, ತಳದಲ್ಲೊಂದು ನೋವಿನ ಮುಲಾಮಿನ ಟ್ಯೂಬು. ಹೆಚ್ಚಿನವರು ಹೆಂಗಸರು. ಕತ್ತು, ಭುಜ, ಸೊಂಟ, ತೊಡೆ, ಎಲ್ಲಿ ಮುಟ್ಟಿದರೂ ನೋವು. ಎದ್ದಾಗಲೇ ಸುಸ್ತು. ಒಲೆ ಮೇಲೆ ಹಾಲಿಟ್ಟದ್ದೇ ಮರೆತುಹೋಗುವಷ್ಟು ಮಂಕು. ಡಾಕ್ಟರು ಎಲ್ಲ ನೋಡಿ, "ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್" ಅನ್ನುತ್ತಾರೆ. ಬೇರೆ ಯಾರಿಗಾದರೂ ಅದು ಸಂತೋಷದ ಸುದ್ದಿ. ಈಕೆಗೆ ಮಾತ್ರ ಅದೇ ದೊಡ್ಡ ತೊಂದರೆ, ಯಾಕೆಂದರೆ ಅವಳಿಗಿಂತ ಮುಂಚೆ ಆ ಮಾತು ಮನೆ ತಲುಪಿರುತ್ತದೆ. "ಏನೂ ಇಲ್ವಂತಲ್ಲ, ಇನ್ನೇನು, ಏಳು. ಹಸ ಕೂಗ್ತಾ ಐತೆ."

ಈ ಬಗೆಯ ನೋವಿಗೆ ಹೆಸರಿದೆ: ಫೈಬ್ರೊಮಯಾಲ್ಜಿಯಾ. ಹೆಸರು ಬಂದದ್ದು 1976ರಲ್ಲಿ. ಅಮೆರಿಕದ ಸಂಧಿವಾತ ತಜ್ಞರು 1990ರಲ್ಲಿ ಅದನ್ನು ಗುರುತಿಸುವ ಕ್ರಮವನ್ನೂ ಹೇಳಿದರು. ಮೈಮೇಲೆ 18 ಜಾಗ ಒತ್ತಿ ನೋಡಬೇಕು, 11ರಲ್ಲಿ ನೋವಿರಬೇಕು. 2010ರಲ್ಲಿ ಆ ಎಣಿಕೆ ಬಿಟ್ಟು, ನೋವು ಎಷ್ಟು ಕಡೆ ಹರಡಿದೆ, ನಿದ್ದೆ ಹೇಗಿದೆ, ಸುಸ್ತು ಎಷ್ಟು, ಮಂಕು ಎಷ್ಟು ಎಂದು ಕೇಳಿ ತೂಗುವ ಕ್ರಮ ಬಂತು. ಅಂದರೆ ಇದನ್ನು ಹಿಡಿಯುವುದು ಯಂತ್ರವಲ್ಲ. ಕೂತು ಕೇಳುವ ಡಾಕ್ಟರು ಬೇಕು, ಅಳುಕದೆ ಹೇಳುವ ರೋಗಿಯೂ ಬೇಕು. ಸಾಲು ಹೊರಬಾಗಿಲವರೆಗೆ ನಿಂತಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇವೆರಡೂ ಕಷ್ಟವೇ. ಯಾರನ್ನು ದೂರುವುದು?

ಆದರೆ ನಮ್ಮ ಸೀಮೆಯವರು ಈ ಹೆಸರನ್ನು ತಾವಾಗಿ ಅಂಟಿಸಿಕೊಳ್ಳುವ ಮುಂಚೆ ಇನ್ನೊಂದನ್ನು ಯೋಚಿಸಬೇಕು. ಅದು ನೀರು. ವರ್ಷಪೂರ್ತಿ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆ ಇದು. ಕೆರೆಗಳು ಬತ್ತಿದಾಗ ನಾವು ಭೂಮಿ ಕೊರೆದೆವು, ಸಾವಿರ ಅಡಿ ದಾಟಿ ಕೊರೆದೆವು. ಕಗ್ಗಲ್ಲಿನ ಸಂದಿಯಿಂದ ಬಂದ ಆ ನೀರಲ್ಲಿ ಅನೇಕ ಕಡೆ ಫ್ಲೋರೈಡ್ ಇದೆ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ಭಾರತದಲ್ಲಿ ಈ ಮೂಳೆರೋಗವನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದ್ದು 2008-09ರಲ್ಲಿ. ನಡುವೆ ಎಪ್ಪತ್ತು ವರ್ಷ! ಅಷ್ಟು ಕಾಲವೂ ಹಳ್ಳಿಯ ಅಜ್ಜಿಯರಿಗೆ ಸಿಕ್ಕ ಉತ್ತರ "ವಯಸ್ಸಾಯ್ತು ಬಿಡವ್ವ". ಶುರುವಿನಲ್ಲಿ ಫ್ಲೋರೈಡಿನ ನೋವೂ ಎಕ್ಸ್-ರೇಗೆ ಸಿಗದಿರಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಒಂದೇ ಬೋರ್‌ವೆಲ್ಲಿನ ನೀರು ಕುಡಿಯುವ ನಾಲ್ಕಾರು ಮನೆಗಳಲ್ಲಿ ಇದೇ ನೋವಿದ್ದರೆ, ಪಂಚಾಯಿತಿಗೆ ಹೋಗಿ ನೀರಿನ ಪರೀಕ್ಷೆ ಕೇಳಿ. ಶುದ್ಧ ನೀರಿನ ಘಟಕದ ಕ್ಯಾನನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ, ಸಾರು, ಮುದ್ದೆಗೆ ಬೋರ್ ನೀರನ್ನೇ ಹಾಕುವ ಮನೆಗಳೂ ಇವೆ. ಅಡುಗೆಯ ನೀರೂ ಹೊಟ್ಟೆಗೇ ತಾನೇ ಹೋಗುವುದು?

ಇನ್ನೊಂದು ಕೊಟ್ಟಿಗೆಯ ಮಾತು. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಬಾಣಂತನ ಮಾಡಿದವರಿಗೆ, ಹಸಿಹಾಲು ಕುಡಿಯುವವರಿಗೆ ಬ್ರುಸೆಲ್ಲೋಸಿಸ್ ಎಂಬ ಸೋಂಕು ತಗಲಬಹುದು. ಬಂದು ಹೋಗುವ ಜ್ವರ, ಬೆವರು, ಬೆನ್ನುನೋವು, ಕೀಲುನೋವು. ಮನೆಯಲ್ಲಿ ಹಸುಗಳಿವೆ ಎಂದು ಡಾಕ್ಟರಿಗೆ ಹೇಳದಿದ್ದರೆ ಅವರಿಗೆ ಹೊಳೆಯುವುದಾದರೂ ಹೇಗೆ? ಥೈರಾಯ್ಡ್, ರಕ್ತಹೀನತೆ, ಡಿ ವಿಟಮಿನ್, ಇವನ್ನೂ ಒಮ್ಮೆ ನೋಡಿಸಿಬಿಡಬೇಕು. ಒಮ್ಮೆ ಸಾಕು. ಊರೂರು ಸುತ್ತಿ ಹತ್ತು ಸಲ ಮಾಡಿಸಬೇಕಿಲ್ಲ.

ಬ್ರುಸೆಲ್ಲೋಸಿಸ್ ಅಂದಾಗ ಬ್ರಿಟಿಷ್ ದಾದಿ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಮರಳಿದ ಮೇಲೆ ಅವರು ಜ್ವರ, ಬೆನ್ನುನೋವು, ಸುಸ್ತಿನಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಮನೋರೋಗ ಅಂದವರೂ ಉಂಟು. ಬ್ರುಸೆಲ್ಲೋಸಿಸ್ ಇದ್ದಿರಬೇಕು ಎಂದು ಈಚಿನ ಕೆಲವು ವೈದ್ಯರು ಬರೆದಿದ್ದಾರೆ. ನೈಟಿಂಗೇಲರ ಹುಟ್ಟುಹಬ್ಬವಾದ ಮೇ 12 ಈಗ ಫೈಬ್ರೊಮಯಾಲ್ಜಿಯಾ ಜಾಗೃತಿ ದಿನ. ನನಗೆ ಬೆರಗು ಅನ್ನಿಸುವುದು ಬೇರೆ ಸಂಗತಿ. ಭಾರತದ ಸೈನಿಕರ ಬಿಡಾರಗಳಲ್ಲಿ ಕುಡಿಯುವ ನೀರು ಹೇಗಿದೆ, ಚರಂಡಿ ಹೇಗಿದೆ ಎಂಬ ವಿವರಗಳನ್ನೆಲ್ಲ ತರಿಸಿಕೊಂಡು ಅವರು ಹಾಸಿಗೆ ಹಿಡಿದಿದ್ದ ಕಾಲದಲ್ಲೇ ಬರೆದರು. ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಭೇಟಿಗೆ ಬರುವವರನ್ನು ಒಬ್ಬೊಬ್ಬರಾಗಿ ಮಾತ್ರ ನೋಡುತ್ತಿದ್ದರು, ಬೇಡದವರನ್ನು ಬಾಗಿಲಿಂದಲೇ ಕಳಿಸುತ್ತಿದ್ದರು. ಇದ್ದಷ್ಟು ಶಕ್ತಿಯನ್ನು ಎಲ್ಲಿ ಖರ್ಚು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಅಷ್ಟು ಸವಲತ್ತಿಲ್ಲ, ನಿಜ.

ಸರಿ, ಪರೀಕ್ಷೆಗಳೆಲ್ಲ ಆದವು. ನೀರೂ ಚೆನ್ನಾಗಿದೆ, ರಕ್ತವೂ ಚೆನ್ನಾಗಿದೆ, ನೋವು ಮಾತ್ರ ಇದೆ. ಹಾಗಾದರೆ ಇದು ಸುಳ್ಳು ನೋವೇ? ಅಲ್ಲ. ಕಳ್ಳ ಬಂದಾಗ ಬೊಗಳಬೇಕಾದ ನಾಯಿ ಎಲೆ ಅಲುಗಿದರೂ ರಾತ್ರಿಯೆಲ್ಲ ಬೊಗಳಿದರೆ, ಕಳ್ಳ ಇಲ್ಲದಿರಬಹುದು, ಬೊಗಳಿದ್ದು ಸುಳ್ಳಲ್ಲ, ಮನೆಯವರ ನಿದ್ದೆ ಕೆಟ್ಟದ್ದೂ ಸುಳ್ಳಲ್ಲ. ನೋವಿನ ಸುದ್ದಿ ಒಯ್ಯುವ ನರಗಳು, ಅದನ್ನು ಕೇಳಿಸಿಕೊಳ್ಳುವ ಮಿದುಳು ಹೀಗೆ ಅತಿಯಾಗಿ ಎಚ್ಚೆತ್ತಿರುವುದೇ ಇಲ್ಲಿನ ತೊಂದರೆ ಎಂದು ಈಗಿನ ತಿಳಿವಳಿಕೆ.

ನಿದ್ದೆಗೂ ಇದಕ್ಕೂ ಹತ್ತಿರದ ಸಂಬಂಧ. 1975ರಲ್ಲಿ ಟೊರಾಂಟೊದ ಸಂಶೋಧಕ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ವಿದ್ಯಾರ್ಥಿಗಳ ಗಾಢನಿದ್ದೆಯನ್ನು ಸದ್ದು ಮಾಡಿ ಕೆಡಿಸಿ ನೋಡಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಇಂಥದೇ ಮೈನೋವು, ಸುಸ್ತು ಕಾಣಿಸಿಕೊಂಡವು. ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಹೊಸ ಸುದ್ದಿಯೇನಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ, ಎದ್ದ ಹುಳು ಹಗಲು ರಾತ್ರಿ ಅನ್ನದೆ ಸೊಪ್ಪು ತಿನ್ನುತ್ತದೆ, ಅದು ಹಣ್ಣಾಗಿ ಗೂಡು ಕಟ್ಟುವ ಚಂದ್ರಂಕಿಗೆ ಏರುವತನಕ ಮನೆಯ ಹೆಂಗಸಿಗೆ ಕಣ್ಣು ಮುಚ್ಚುವ ಹಾಗಿಲ್ಲ. ಗೂಡು ಮಾರಿ ಬಂದ ಮೇಲೂ ಮೈ ಹಿಡಿದುಕೊಂಡೇ ಇರುತ್ತದೆ. ನೋವಿರುವವರಿಗೆ ಆ ದಿನಗಳಲ್ಲಿ ರಾತ್ರಿಯ ಸೊಪ್ಪಿನ ಸರದಿ ತಪ್ಪಿಸುವುದೂ ಒಂದು ಚಿಕಿತ್ಸೆ ಎಂದು ನನ್ನ ಅಭಿಪ್ರಾಯ.

ಮದ್ದಿನ ಮಾತು ಬೇಗ ಮುಗಿಸುತ್ತೇನೆ. ಹಾಕಿದ ಗಳಿಗೆಯಲ್ಲೇ ಮೈ ಹಗುರಾಗುವ ಸೂಜಿ ಅನೇಕ ಸಲ ಸ್ಟಿರಾಯ್ಡ್ ಆಗಿರುತ್ತದೆ. ಫೈಬ್ರೊಮಯಾಲ್ಜಿಯಾಗೆ ಅದು ಮದ್ದಲ್ಲ. ಪದೇಪದೇ ಹಾಕಿಸಿಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದರೆ ಪೆಟ್ಟು ತಿನ್ನುವುದು ಹೊಟ್ಟೆ ಮತ್ತು ಕಿಡ್ನಿ. ಡಾಕ್ಟರು ಅಮಿಟ್ರಿಪ್ಟಿಲಿನ್ ಅಥವಾ ಡ್ಯುಲಾಕ್ಸೆಟಿನ್ ಬರೆದುಕೊಟ್ಟರೆ, "ಇದು ತಲೆ ಕೆಟ್ಟವರ ಮಾತ್ರೆ ಅಂತೆ" ಎಂದು ಯಾರೋ ಹೇಳಿ ಅದು ತಿಪ್ಪೆ ಸೇರುತ್ತದೆ. ಖಿನ್ನತೆಗೂ ಅದನ್ನು ಕೊಡುತ್ತಾರೆ, ಹೌದು. ನೋವನ್ನು ಹತ್ತಿಕ್ಕುವ ನರಗಳ ಕೆಲಸಕ್ಕೂ ಅದೇ ರಾಸಾಯನಿಕಗಳು ಬೇಕು, ಅದಕ್ಕೆ ಕೊಡುತ್ತಾರೆ.

2017ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಫೈಬ್ರೊಮಯಾಲ್ಜಿಯಾಗೆ ಇರುವ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ. ಇದನ್ನು ಹೇಳಿದರೆ ನಮ್ಮ ಹೆಂಗಸರು ನಗುತ್ತಾರೆ. "ಬೆಳಿಗ್ಗೆಯಿಂದ ಮಾಡ್ತಿರೋದು ಇನ್ನೇನು ಸ್ವಾಮಿ?" ನ್ಯಾಯವಾದ ಪ್ರಶ್ನೆ. ಸೊಪ್ಪಿನ ಹೊರೆ ಹೊರುವುದು ದುಡಿಮೆ. ಅದರ ಅಳತೆ ನಿಮ್ಮ ಕೈಯಲ್ಲಿಲ್ಲ. ವ್ಯಾಯಾಮದ ಅಳತೆ ನಿಮ್ಮದೇ. ಕೈಬೀಸಿ ಐದು ನಿಮಿಷ ನಡೆಯಿರಿ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಸೇರಿಸಿ. ಮೊದಮೊದಲು ನೋವು ತುಸು ಹೆಚ್ಚಿದರೆ ಹೆದರಿ ಬಿಡಬೇಡಿ, ಅಳತೆ ಇಳಿಸಿ ಮುಂದುವರಿಸಿ.

ಇದಕ್ಕಿಂತ ಕಷ್ಟದ್ದು ಚೆನ್ನಾಗಿರುವ ದಿನ ಸುಮ್ಮನಿರುವುದು. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ನೋವು ಸ್ವಲ್ಪ ಕಡಿಮೆ ಅನ್ನಿಸಿದ್ದೇ ತಡ, ಅಟ್ಟದ ಪಾತ್ರೆಗಳೆಲ್ಲ ಕೆಳಗಿಳಿಯುತ್ತವೆ, ಕಂಬಳಿ ಒಗೆದಾಗುತ್ತದೆ, ಒಬ್ಬಟ್ಟಿಗೆ ಹೂರಣ ರುಬ್ಬಿಯಾಗುತ್ತದೆ. ಹಬ್ಬದ ದಿನ ಲಕ್ಷ್ಮಿ ಕೂತಿರುತ್ತಾಳೆ, ಮನೆಯಾಕೆ ಮಲಗಿರುತ್ತಾಳೆ, ನಾಲ್ಕು ದಿನ. "ನಿನ್ನೆ ಚೆನ್ನಾಗೇ ಇದ್ಳಲ್ಲ" ಎಂಬ ಮಾತು ಬೇರೆ. ಪಾತ್ರೆ ಒಂದು ದಿನ, ಕಂಬಳಿ ಇನ್ನೊಂದು ದಿನ, ನಡುನಡುವೆ ಕೂತು ಎದ್ದು ಮಾಡಿದರೆ ಒಟ್ಟು ಕೆಲಸ ಹೆಚ್ಚೇ ಆಗುತ್ತದೆ. ಒಬ್ಬಟ್ಟು ಈ ವರ್ಷ ಅಂಗಡಿಯದಾದರೆ ದೇವಿ ಮುನಿಯುವುದಿಲ್ಲ.

ಇದೆಲ್ಲ ಕೇಳಿ ಅತ್ತೆಯವರು, "ಹಾಗಾದ್ರೆ ಮನೆ ಕೆಲಸ ಯಾರು ಮಾಡ್ತಾರಪ್ಪ?" ಅನ್ನಬಹುದು. ಅವರ ಮಂಡಿಯೂ ನೋಯುತ್ತಿರುತ್ತದೆ, ಅವರ ಕಾಲದಲ್ಲಿ ಅವರನ್ನು ಯಾರೂ ಕೇಳಿರುವುದಿಲ್ಲ. ಆದ್ದರಿಂದ ಉತ್ತರ ಅವರಿಬ್ಬರ ನಡುವೆ ಸಿಗುವುದಿಲ್ಲ, ಮನೆಯ ಗಂಡಸರ ಹತ್ತಿರ ಹುಡುಕಬೇಕು. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಕೊಟ್ಟಿಗೆಯ ಸಗಣಿ, ರಾತ್ರಿಯ ಸೊಪ್ಪು, ಈ ಮೂರಕ್ಕೂ ಸೊಂಟ ಬೇಕು, ಹೆಂಗಸಿನದೇ ಸೊಂಟ ಆಗಬೇಕೆಂದಿಲ್ಲ. ಊರೆಲ್ಲ ಬೈಕಲ್ಲಿ ಸುತ್ತುವ ಮಗ ಇದ್ದರೆ, ಡೇರಿಗೆ ಹಾಲು ಒಯ್ಯುವುದು ನಾಳೆಯಿಂದ ಅವನ ಕೆಲಸ. ಎರಡು ಹೊತ್ತೂ.